ಕಾರಂಜಿಯ ಬಳಿ ಆಳಿದವರು

ನೀರು ತನ್ನ ಬಳಿ ಆಡಿದ ಮಾತನ್ನು ಮರೆಯದ ಆ ಕಾಲದಲ್ಲಿ, ಹಳೆಯ ಕಟ್ಟಡ ಕೆಡವುವ ಮುನ್ನ ಅಲ್ಲಿನ ನೀರಿಗೆ ಕಿವಿಗೊಡುವುದು ನಗರಸಭೆಯ ನಿಯಮವಾಗಿತ್ತು. ಅಲ್ಲಿ ರಾಜರ ಮಾತು ಕೇಳಿಸಿದರೆ ಕಟ್ಟಡ ಉಳಿಯುತ್ತಿತ್ತು. ರಸ್ತೆ ಅಗಲ ಮಾಡಲು ಬಳೆಗಾರರ ಓಣಿಯ ಕಾರಂಜಿಯನ್ನು ಕೆಡವಬೇಕೆಂದು ಗುರುತು ಮಾಡಿದಾಗ, ಕೇಳಲು ಬಂದವಳು ಗುಮಾಸ್ತೆ ಕಸ್ತೂರಿ.

ಪಾಚಿ ಸರಿಸಿ ಅವಳು ನೀರಿಗೆ ಕಿವಿಯಿಟ್ಟಳು. ಬಹಳ ಹೊತ್ತು ಬರೀ ಚೌಕಾಸಿ, ನೀರಿನ ಕೊಡಗಳ ಜಗಳ. ಆಮೇಲೆ ಒಂದು ಹೆಣ್ಣುದನಿ ಗದ್ದಲವನ್ನೆಲ್ಲ ಅಡಗಿಸಿತು: "ಸುಮ್ಮನಿರ್ರಿ. ಮೊದಲ ಬಾಣಂತ್ಯಾರಿಗೆ, ಆಮ್ಯಾಲ ದನಕ್ಕ. ಉಳದ್ರ ನಮಗ."

ಯಾವುದೋ ರಾಣಿಯಿರಬೇಕು ಎಂದುಕೊಂಡು, ಪಕ್ಕದ ಬಳೆ ಅಂಗಡಿಯ ಮುದುಕಿ ಅಮೀನಾಬಿಯನ್ನು ಕರೆದು ಕೇಳಿಸಿದಳು. ಮುದುಕಿ ಎಷ್ಟೋ ಹೊತ್ತು ಕಿವಿ ತೆಗೆಯಲೇ ಇಲ್ಲ.

"ನಮ್ಮವ್ವ, ಜೈತೂನಬಿ," ಎಂದಳು ಕೊನೆಗೆ. "ಒಂದು ವರ್ಷ ಬ್ಯಾಸಗ್ಯಾಗ ಊರಾಗಿನ ಬಾವಿ ಎಲ್ಲಾ ಬತ್ತಿದ್ವು. ಇಲ್ಲಿ ನಿಂತು ಆಕಿನೇ ನೀರು ಹಂಚತಿದ್ಲು."

"ಆಕಿಗೆ ಅಧಿಕಾರ ಯಾರು ಕೊಟ್ಟಿದ್ರು, ಆಯಿ?"

"ಯಾರೂ ಕೊಟ್ಟಿದ್ದಿಲ್ಲವ್ವಾ. ಆದ್ರ ಎಲ್ಲಾರೂ ಆಕಿ ಮಾತು ಕೇಳತಿದ್ರು."

ನಮೂನೆಯಲ್ಲಿ 'ಆಳಿದವರ ಹೆಸರು' ಎಂದಿದ್ದಲ್ಲಿ ಕಸ್ತೂರಿ ಜೈತೂನಬಿ ಎಂದು ಬರೆದಳು. 'ಆಳ್ವಿಕೆಯ ಅವಧಿ' ಎಂಬಲ್ಲಿ, ಒಂದು ಬೇಸಿಗೆ. ಮೇಲಧಿಕಾರಿ ಯಾವ ವಂಶವೆಂದು ಮಾತ್ರ ವಿಚಾರಿಸಿದರು.

"ಬಳೆಗಾರರು, ಸರ್," ಎಂದಳು.

ಅವರು ಕಾಗದಕ್ಕೆ ಸಹಿ ಹಾಕಿದರು. ಹೊಸ ರಸ್ತೆ ಆ ಓಣಿಯಲ್ಲಿ ನಾಲ್ಕು ಅಡಿ ಬಾಗಿ ಹೋಯಿತು.