ಸಾರಿ ಇಲ್ಲದ ‘ಬೇಡ’

“ನಿಮ್ಮ ಭುಜ ಮುಟ್ಟಬಹುದಾ?” ಎಂದು ರೇಜಾನ್ ಕೇಳಿದ.

“ಅಯ್ಯೋ, ಅದಕ್ಕೇನಂತೆ, ಮುಟ್ಟಿ,” ಎಂದುಬಿಟ್ಟಳು ಐಲಿ.

“ಅಲ್ಲಲ್ಲ, ಈ ಸಲ ನೀವು ಬೇಡ ಅನ್ಬೇಕು,” ಎಂದಳು ಪಕ್ಕದಲ್ಲಿ ನಿಂತಿದ್ದ ಟ್ಯಾಮ್ಸಿನ್. “ಅದನ್ನೇ ಈಗ ಅಭ್ಯಾಸ ಮಾಡ್ತಿರೋದು. ಬೇಡ ಅನ್ನೋಕೆ ಬರದವರು ಹೂಂ ಅಂದ್ರೂ ನನಗೆ ನಂಬಿಕೆ ಬರಲ್ಲ.”

ಸಡ್ಬರಿಯ ಗಣಿ ಕಾರ್ಮಿಕರ ಹಳೆಯ ಹಾಲ್‌ನಲ್ಲಿ ಸಿನಿಮಾದ ತಾಲೀಮು ನಡೆದಿತ್ತು. ಐಲಿಗೆ ಐವತ್ತೆಂಟು. ಊರಿನ ಫಿನ್ನಿಶ್ ಸಂಘದ ನಾಟಕಗಳಲ್ಲಿ ಅತ್ತೆ, ಪಕ್ಕದ್ಮನೆಯವಳು, ದಾದಿ, ಇಂಥ ಪಾತ್ರಗಳನ್ನೇ ಮಾಡಿಕೊಂಡು ಬಂದವಳು ಈಗ ಮೊದಲ ಸಲ ನಾಯಕಿಯಾಗಿದ್ದಳು. ಅದೂ ಇಳಿವಯಸ್ಸಿನಲ್ಲಿ ಪ್ರೀತಿಗೆ ಬೀಳುವ ವಿಧವೆಯ ಪಾತ್ರ. ಮಾಂಟ್ರಿಯಲ್‌ನಿಂದ ಬಂದ ನಟ ರೇಜಾನ್ ಸಿನಿಮಾದಲ್ಲಿ ಅವಳ ಪ್ರಿಯಕರ. ನಾಳೆ ಇಬ್ಬರದೂ ಮಲಗುವ ಕೋಣೆಯ ದೃಶ್ಯ. ಅಂಥ ದೃಶ್ಯದಲ್ಲಿ ಯಾರ ಕೈ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಮೊದಲೇ ಮಾತಾಡಿ ಗೊತ್ತು ಮಾಡುವುದೇ ಟ್ಯಾಮ್ಸಿನ್‌ಳ ಕೆಲಸ. ಮೂವತ್ತು ದಾಟದ ಹುಡುಗಿ. ಇಷ್ಟು ವರ್ಷ ಸಂಸಾರ ಮಾಡಿದ ತನಗೆ ಇವಳೇನು ಕಲಿಸುತ್ತಾಳೆ ಎಂದು ಐಲಿ ಬೆಳಿಗ್ಗೆ ಮೂಗು ಮುರಿದಿದ್ದಳು.

ಮೂಗು ಮುರಿದದ್ದರ ಹಿಂದೆ ಭಯವಿತ್ತು. ಹಿಂದಿನ ವರ್ಷ ಆಪರೇಷನ್‌ನಲ್ಲಿ ಅವಳ ಎಡಗಡೆಯ ಸ್ತನವನ್ನು ತೆಗೆದಿದ್ದರು. ಸಿನಿಮಾದವರಿಗೆ ಹೇಳಿರಲಿಲ್ಲ. ರೇಜಾನ್‌ನ ಕೈ ಅವಳ ಭುಜದಿಂದ ಎದೆಗೆ ಇಳಿಯಬೇಕೆಂದು ದೃಶ್ಯದಲ್ಲಿತ್ತು. ಹೇಳಿದರೆ ಪಾತ್ರ ಕೈತಪ್ಪುತ್ತದೆ, ಹೇಳದಿದ್ದರೆ ನಾಳೆ ಎಲ್ಲರೆದುರು ಗೊತ್ತಾಗುತ್ತದೆ.

“ಮತ್ತೆ ಕೇಳ್ತೀನಿ,” ಎಂದ ರೇಜಾನ್. “ಭುಜ ಮುಟ್ಟಬಹುದಾ?”

“ಬೇಡ. ಸಾರಿ.”

“ಸಾರಿ ಬೇಡಮ್ಮ,” ಎಂದಳು ಟ್ಯಾಮ್ಸಿನ್. “ಈ ದೇಶದಲ್ಲಿ ನಮ್ಮ ಕಾಲು ತುಳಿದವರಿಗೂ ನಾವೇ ಸಾರಿ ಹೇಳ್ತೀವಿ. ಇಲ್ಲಿ ಮಾತ್ರ ಬೇಡ.”

“ಬೇಡ… ಅಂದ್ರೆ, ನನಗೆ ಸ್ವಲ್ಪ ನೆಗಡಿ, ಅದಕ್ಕೇ…”

“ಕಾರಣಾನೂ ಬೇಡ.”

ಐಲಿಗೆ ನಗು ಬಂತು. ಆಮೇಲೆ ಹಳೆಯದು ನೆನಪಾಯಿತು. ಮದುವೆಗೆ ಮುಂಚೆ ಪಾದ್ರಿಯ ಹೆಂಡತಿ ಕೈಗಿಟ್ಟಿದ್ದ ಪುಟ್ಟ ಪುಸ್ತಕದಲ್ಲಿ ಗಂಡನಿಗೆ ಒಲ್ಲೆ ಎನ್ನದಿರುವುದೇ ದಾಂಪತ್ಯದ ಗುಟ್ಟು ಎಂದು ಬರೆದಿತ್ತು. ಇನ್ನು ಅವಳು ನೋಡಿದ ಸಿನಿಮಾಗಳಲ್ಲಿ ಗಂಡಸು ಹೆಂಗಸನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದ, ಸಂಗೀತ ಏರುತ್ತಿತ್ತು. ಒಬ್ಬನೂ ಬಾಯಿಬಿಟ್ಟು ಕೇಳಿದ್ದನ್ನು ಅವಳು ಕಂಡಿರಲಿಲ್ಲ.

“ಬೇಡ,” ಎಂದಳು. ಅಷ್ಟೇ ಅಂದಳು.

“ಥ್ಯಾಂಕ್ಸ್,” ಎಂದ ರೇಜಾನ್, ಒಂದು ಹೆಜ್ಜೆ ಹಿಂದೆ ಸರಿದು. ಬೇಡ ಎಂದದ್ದಕ್ಕೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

“ಈಗ ನಿಜವಾಗಿ,” ಎಂದಳು ಟ್ಯಾಮ್ಸಿನ್. “ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ, ನಿಮ್ಮ ಕೈಯಿಂದ ನೀವೇ ತೋರಿಸಿ.”

ಐಲಿ ತಲೆಗೂದಲಿನಿಂದ ಶುರುಮಾಡಿ ಕೆನ್ನೆ, ಭುಜ, ಸೊಂಟ ತೋರಿಸಿದಳು. ಆಮೇಲೆ ಅವಳ ಕೈ ತಾನಾಗಿ ಎಡಗಡೆಗೆ ಹೋಗಿ ನಿಂತಿತು. “ಎದೆ ಬೇಡ,” ಎಂದಳು. ಕಾರಣ ತುಟಿಯವರೆಗೂ ಬಂದಿತ್ತು, ನುಂಗಿಕೊಂಡಳು.

“ಕೂದಲು, ಕೆನ್ನೆ, ಭುಜ, ಸೊಂಟ ಸರಿ. ಎದೆ ಬೇಡ. ಥ್ಯಾಂಕ್ಸ್,” ಎಂದು ರೇಜಾನ್ ಒಪ್ಪಿಸಿದ. “ನಂದು ಹೊಟ್ಟೆ ಒಂದು ಬಿಟ್ಬಿಡಿ. ಅದನ್ನ ಒಳಗೆ ಎಳ್ಕೊಂಡು ನಿಂತೂ ನಿಂತೂ ಉಸಿರು ಹೋಗ್ತಿದೆ.”

ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಿರ್ದೇಶಕ ಒಳಗೆ ಬಂದ. “ಎದೆ ಮೇಲೆ ಕೈಯಿಡೋದೇ ಆ ದೃಶ್ಯದ ಜೀವ ಕಣಮ್ಮ. ಅದನ್ನೇ ತೆಗೆದ್ರೆ ಉಳಿಯೋದೇನು?” ಐಲಿ ಟ್ಯಾಮ್ಸಿನ್‌ಳ ಕಡೆ ನೋಡಿದಳು.

“ಅವನು ಕೇಳೋದು, ಇವರು ಹೇಳೋದು ಉಳಿಯುತ್ತೆ,” ಎಂದಳು ಟ್ಯಾಮ್ಸಿನ್, ದನಿ ಏರಿಸದೆ. “ಈಗ ಆಯ್ತಲ್ಲ, ಅದನ್ನೇ ಹಾಗೇ ಶೂಟ್ ಮಾಡಿ. ನಾವೆಲ್ಲ ಪ್ರೀತಿ ಮಾಡೋದನ್ನ ಸಿನಿಮಾ ನೋಡೇ ಕಲ್ತವರು ಸಾರ್. ತಪ್ಪು ಕಲ್ತಿದ್ರೆ ಸಿನಿಮಾನೇ ತಿದ್ದಬೇಕು. ಬೇಡ ಅಂದಿದ್ದಕ್ಕೆ ಇವರನ್ನಂತೂ ಬದಲಾಯಿಸೋ ಹಾಗಿಲ್ಲ.”

ನಿರ್ದೇಶಕ ಗಡ್ಡ ಕೆರೆದುಕೊಂಡ, ಐಲಿ, ರೇಜಾನ್ ಇಬ್ಬರ ಮುಖವನ್ನೂ ನೋಡಿದ. “ಇನ್ನೊಂದ್ಸಲ ಮಾಡಿ ತೋರಿಸಿ,” ಎಂದು ಕುರ್ಚಿ ಎಳೆದುಕೊಂಡ. ಎಂಥ ಹುಡುಗಿ ಇವಳು ಎಂದುಕೊಂಡಳು ಐಲಿ. ತಾನು ಮದುವೆಯಾದ ಕಾಲಕ್ಕೆ ಇಂಥವಳೊಬ್ಬಳು ಪಕ್ಕದಲ್ಲಿ ಇರಬಾರದಿತ್ತೇ ಎನಿಸಿ ಹೊಟ್ಟೆಕಿಚ್ಚೂ ಆಯಿತು.

ಸಂಜೆ ಗಂಡ ವರ್ನ್ ಟ್ರಕ್ ತಂದಿದ್ದ. ನಿಕ್ಕಲ್ ಗಣಿಯಿಂದ ನಿವೃತ್ತನಾದವನು, ಕೆಟ್ಟವನೇನಲ್ಲ. ಅವಳು ಹತ್ತಿ ಕೂತದ್ದೇ ತಡ, ಎಂದಿನಂತೆ ಅವಳ ತೊಡೆಯ ಮೇಲೆ ಕೈ ಹಾಕಿದ. ಅವಳು ಆ ಕೈಯನ್ನು ಎತ್ತಿ ಅವನ ಮಡಿಲಲ್ಲೇ ಇಟ್ಟಳು.

“ಕೇಳಿ ಮುಟ್ಟು.”

“ಏನಂತ ಕೇಳ್ಲಿ?”

“ಮುಟ್ಲಾ ಅಂತ.”

ವರ್ನ್ ಗಹಗಹಿಸಿ ನಕ್ಕ. “ಸಿನಿಮಾದವರು ತಲೆಗೆ ತುಂಬಿದ್ದು ಇದನ್ನೇನಾ? ಹೋಗ್ಲಿ, ಇಷ್ಟು ವರ್ಷ ನಾನು ಕೇಳಿದ್ದಿದ್ರೆ ನೀನು ಬೇಡ ಅಂತಿದ್ಯೇನೇ?”

“ಕೆಲವು ದಿನ ಅಂತಿದ್ದೆ.”

ಅವನ ನಗು ನಿಂತಿತು. ಟ್ರಕ್ ಸ್ವಲ್ಪ ದೂರ ಹೋಯಿತು. ಆಮೇಲೆ ಹಿಮ ಗುಡ್ಡೆ ಹಾಕಿದ್ದ ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಅವಳಿಗೆ ಚಳಿಯಾಗದಿರಲೆಂದು ಹೀಟರ್ ಏರಿಸಿ, ಅವಳ ಕಡೆ ತಿರುಗಿ ಕೂತ.

“ಯಾವ್ಯಾವ ದಿನ?” ಎಂದ. “ಹೇಳು. ಮನೆಗೆ ತಡವಾದ್ರೂ ಆಗ್ಲಿ.”