ಮೇಜು ಕುಟ್ಟುವ ಕಾಮೆಂಟರಿ

“ಹಾಕಿ ಅಂಕಲ್, ಅಮ್ಮ ಹುಡುಕ್ಕೊಂಡು ಬರೋದ್ರೊಳಗೆ ಹಾಕಿಬಿಡಿ,” ಎಂದು ಮಗಳು ಕುರ್ಚಿಯ ತುದಿಗೆ ಜರುಗಿದಳು. ಬೆಳಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳು ಹುಟ್ಟುವ ಮೊದಲೇ ಗಂಟಲಿನ ಆಪರೇಷನ್ನಿನಲ್ಲಿ ಅಪ್ಪನ ದನಿ ಹೋಗಿತ್ತು. ಕಳೆದ ಬೇಸಿಗೆಯಲ್ಲಿ ಅಪ್ಪನೂ ಹೋದ. ಅವನು ಮಾತಾಡುವುದನ್ನು ಅವಳು ಕೇಳಲಿದ್ದದ್ದು ಇದೇ ಮೊದಲು.

ಅದು ವಿಶ್ವವಿದ್ಯಾಲಯದ ಸಭಾಂಗಣದ ಹಿಂದಿನ ಸೌಂಡ್ ರೂಮು. ಕೆಳಗೆ, ಈ ವರ್ಷ ತೀರಿಕೊಂಡ ಹಳೇ ವಿದ್ಯಾರ್ಥಿಗಳನ್ನು ನೆನೆಯುವ ಸಭೆಗೆ ಜನ ಸೇರುತ್ತಿದ್ದರು. ಅಪ್ಪನ ಸಹಪಾಠಿ, ಎಲ್ಲರ ಬಾಯಲ್ಲೂ ರೇಡಿಯೋ ಅಂಕಲ್ ಆದವರು, ಕಾಲೇಜು ರೇಡಿಯೋದ ಹಳೇ ಟೇಪೊಂದನ್ನು ಹಠ ಹಿಡಿದು ಹುಡುಕಿ ತೆಗೆದಿದ್ದರು. ಫುಟ್‌ಬಾಲ್ ಫೈನಲ್ಲಿನ ಕಾಮೆಂಟರಿ, ಹೇಳಿದವನು ಅಪ್ಪ.

“ಕಂಪ್ಯೂಟರಿಗೆ ಹಾಕಿ ತೊಳೆದ ಮುತ್ತಿನ ಹಾಗೆ ಮಾಡ್ಸಿದೀನಮ್ಮ,” ಎಂದು ಅಂಕಲ್ ಹೆಮ್ಮೆಯಿಂದ ಗುಂಡಿ ಒತ್ತಿದರು.

“ಚೆಂಡು ಬಲಗಡೆಗೆ ಬಂತು, ಒಬ್ಬನನ್ನ ದಾಟ್ತು, ಇನ್ನೊಬ್ಬನನ್ನೂ ದಾಟ್ತು…” ತೆಳ್ಳಗಿನ, ಚುರುಕು ದನಿ. ಮಗಳು ಕಿವಿಗೊಟ್ಟು ಕೇಳಿದಳು. ದನಿ ಚೆನ್ನಾಗಿಯೇ ಇತ್ತು, ಆದರೆ ಬಸ್ಸಿನಲ್ಲಿ ಪಕ್ಕ ಕೂತ ಯಾವನೋ ಹುಡುಗನ ದನಿಯ ಹಾಗಿತ್ತು. ಇದಕ್ಕಾ ಇಷ್ಟು ಕಾದದ್ದು ಅನ್ನಿಸಿ ಅವಳ ಮುಖ ಸಪ್ಪಗಾಯಿತು.

“ಅಪ್ಪ ಅಂತ ಅನ್ನಿಸ್ತಾನೇ ಇಲ್ಲ ಅಂಕಲ್.”

ಅಂಕಲ್ ಪೆಚ್ಚಾದರು. “ಅವನೇ ಕಣಮ್ಮ. ಇದನ್ನ ಸರಿಮಾಡೋಕೆ ಎಷ್ಟು ಪಾಡು ಪಟ್ಟೆ ಗೊತ್ತಾ? ಚೆಂಡು ಗೋಲಿನ ಹತ್ರ ಹೋದ್ರೆ ಸಾಕು, ನಿಮ್ಮಪ್ಪ ಮೈಮರೆತು ಬೆರಳ ಗೆಣ್ಣಲ್ಲಿ ಮೇಜು ಕುಟ್ಟೋನು. ಅವತ್ತೇ ಬೈದಿದ್ದೆ, ಕೇಳ್ಲಿಲ್ಲ. ಈಗ ಆ ಸದ್ದನ್ನ ಒಂದೂ ಬಿಡದೆ ತೆಗೆಸಿದೀನಿ.”

ಮಗಳು ಎದ್ದೇ ನಿಂತಳು. “ತೆಗೆಸದೆ ಇರೋದು ಇದೆಯಾ?”

“ಇದೆ. ನಾಲ್ಕು ಜನರ ಮುಂದೆ ಹಾಕೋ ಹಾಗಿಲ್ಲ.”

“ಹಾಕಿ.”

ಗರಗರ ಎನ್ನುವ ಸದ್ದಿನ ನಡುವೆ ಅದೇ ಹುಡುಗ ಮಾತಾಡಿದ. ಚೆಂಡು ಬಲಗಡೆಗೆ ಬಂತು. ಹಿಂದೆಯೇ, ಟಕ್‌ಟಕ್, ಟಕಟಕ ಟಕ್. ಮನೆಯಲ್ಲಿ ಅಪ್ಪ ನೀರು ಕೇಳುತ್ತಿದ್ದದ್ದು ಮೇಜು ಕುಟ್ಟಿ, ಗದರುತ್ತಿದ್ದದ್ದೂ ಮೇಜು ಕುಟ್ಟಿ. ಟೀವಿಯಲ್ಲಿ ಚೆಂಡು ಗೋಲಿನತ್ತ ನುಗ್ಗಿದರಂತೂ ಹೀಗೆಯೇ ಕುಟ್ಟುತ್ತಿದ್ದ. ಮನೆಮಂದಿಯೆಲ್ಲ ಮಾಡುವ ಕೆಲಸ ಬಿಟ್ಟು ಓಡಿ ಬರಬೇಕು.

“ಇದು ಅಪ್ಪ,” ಎಂದಳು. ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. “ನಿಲ್ಸಿ ಅಂಕಲ್. ಮುಂದಿನದನ್ನ ಅಮ್ಮನ ಪಕ್ಕ ಕೂತು ಕೇಳ್ತೀನಿ. ಸಭೇಲೂ ಇದನ್ನೇ ಹಾಕಿ.”

“ಎಂಥಾ ಕೆಟ್ಟ ಸೌಂಡಯ್ಯ ಅಂತ ನನ್ನ ಬೈತಾರಲ್ಲಮ್ಮ.”

“ಅವತ್ತು ಅಪ್ಪ ನಿಮ್ಮ ಹತ್ರ ಬೈಸ್ಕೊಂಡ. ಇವತ್ತು ನೀವು ಬೈಸ್ಕೊಳಿ.”

ಸಭೆಯಲ್ಲಿ ಭಾಷಣಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಅಮ್ಮ ತೂಕಡಿಸುತ್ತಿದ್ದಳು. ಟೇಪಿನ ಗುಟ್ಟನ್ನು ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ. ಅಪ್ಪನ ಸರದಿ ಬಂತು. ಸ್ಪೀಕರು ಗರಗರ ಎಂದಿತು, ಆ ಹುಡುಗನ ದನಿ ಹೊರಟಿತು. ಅಮ್ಮನಿಗೆ ಎಚ್ಚರವಾಗಲಿಲ್ಲ. ಚೆಂಡು ಬಲಗಡೆಗೆ ಬಂತು, ಒಬ್ಬನನ್ನು ದಾಟಿತು, ಇನ್ನೊಬ್ಬನನ್ನೂ ದಾಟಿತು. ಪಕ್ಕದಲ್ಲಿ ಕೂತ ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಟಕ್‌ಟಕ್, ಟಕಟಕ ಟಕ್.

ಕಣ್ಣು ಬಿಡುವ ಮೊದಲೇ ಅಮ್ಮ ಎದ್ದು ನಿಂತಿದ್ದಳು. “ಬಂದೆ, ಬಂದೇರೀ,” ಎಂದಳು, ಇಡೀ ಸಭೆಗೆ ಕೇಳುವಂತೆ. “ಗೋಲಾಯ್ತಾ?”

“ಗೋಲ್,” ಎಂದ ಅಪ್ಪ, ಬಾಯಿ ತುಂಬ.