ಓರೆ ಮಂಚ

ಮೇಸ್ತ್ರಿ ಹೊಡೆದಿದ್ದ ಮೂಲೆಯ ಗೂಟವನ್ನು ಟೈಲರಮ್ಮ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಪಾಯಕ್ಕೆಂದು ಕಟ್ಟಿದ್ದ ದಾರ ಸಡಿಲಾಗಿ ನೆಲಕ್ಕೆ ಬಿತ್ತು.

"ಅಯ್ಯೋ ಅಕ್ಕಾ, ಗೇಣು ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ನೀವು ಬೀದಿಗೆ ದಾನ ಮಾಡ್ತೀರಾ?" ಎಂದ ಮೇಸ್ತ್ರಿ.

"ಮೂಲೆ ಕತ್ತರಿಸಿ, ಗೋಡೆ ಓರೆಯಾಗಿ ಬರ್ಲಿ. ಗಾಡಿ ತಿರುಗಬೇಕು."

"ಯಜಮಾನರು ಒಪ್ಪಿದ್ದಾರಾ?"

"ಅವರು ಒಪ್ಪಿದ್ದಾರೆ. ಒಪ್ಪದೆ ಇರೋದು ಮಂಚ."

ಬೀದಿಯ ಬಾಡಿಗೆದಾರರೆಲ್ಲ ಸಂಘ ಕಟ್ಟಿಕೊಂಡು, ಚಪ್ಪಲಿ ಸವೆಯುವಷ್ಟು ಕಚೇರಿ ಅಲೆದು, ಕೈಗೆಟಕುವ ಬೆಲೆಗೆ ಪಡೆದ ಪುಟ್ಟ ನಿವೇಶನಗಳಲ್ಲಿ ಟೈಲರಮ್ಮನದೂ ಒಂದು, ಬೀದಿಯ ತಿರುವಿನಲ್ಲೇ ಇತ್ತು. ಹೋದ ವರ್ಷ ಅವಳ ಅತ್ತೆಗೆ ಎದೆನೋವು ಬಂದಾಗ ಆಂಬುಲೆನ್ಸ್ ಅಲ್ಲಿದ್ದ ಹಳೇ ಗೋಡೆಗೆ ತಾಗಿ ಒಳಗೆ ಬರಲಾರದೆ ನಿಂತಿತ್ತು. ಎದುರುಮನೆಯ ಕ್ಷೌರದವನು ತನ್ನ ಮರದ ಕುರ್ಚಿ ತಂದ. ಅಕ್ಕಪಕ್ಕದವರು ಅದರಲ್ಲಿ ಅವಳನ್ನು ಕೂರಿಸಿ, ದೇವರನ್ನು ಹೊರುವಂತೆ ಹೊತ್ತು ಓಡಿದರು. ಜೀವ ಉಳಿಯಿತು.

ಆದರೆ ಮೂಲೆ ಹೋದರೆ ಕಿರಿದಾಗುವುದು ಅತ್ತೆಯ ಕೋಣೆಯೇ. ಬಾಡಿಗೆ ಮನೆಗಳ ಅಡುಗೆಕೋಣೆಯಲ್ಲಿ ಚಾಪೆ ಹಾಸಿ ಬದುಕು ಸವೆಸಿದವಳು ಅವಳು. ಸ್ವಂತ ಮನೆಯಲ್ಲಿ ಒಂದು ಮಂಚ, ಇಷ್ಟೇ ಅವಳು ಕೇಳಿದ್ದು.

ಮೇಸ್ತ್ರಿಗೆ ನೀರು ತಂದ ಅತ್ತೆ ಬಿದ್ದ ದಾರ ಕಂಡಳು. "ಏನೇ, ಗೂಟ ಕಿತ್ತಿದ್ದೀಯ?"

ಸೊಸೆ ತಲೆ ತಗ್ಗಿಸಿದಳು. "ಗಾಡಿ ತಿರುಗೋಕೆ ಮೂಲೆ ಬಿಡೋಣ ಅಂತ. ಆದ್ರೆ ಮಂಚ ನೆಟ್ಟಗೆ ಹಿಡಿಯಲ್ಲ, ಅತ್ತೆ."

ಮುದುಕಿ ಕ್ಷೌರದವನ ಬಾಗಿಲಲ್ಲಿದ್ದ ಕುರ್ಚಿಯನ್ನು ಒಂದು ಗಳಿಗೆ ನೋಡಿದಳು. "ನನ್ನ ಸೊಂಟವೇನು ನೆಟ್ಟಗಿದೆಯಾ? ಓರೆಯಾಗೇ ಹಾಕು. ಹೊತ್ತವರ ಋಣ ತೀರೋದಲ್ಲ. ಒಂದು ಮೂಲೆಯಷ್ಟಾದ್ರೂ ತೀರಲಿ." ಗೂಟ ಕಸಿದುಕೊಂಡು, ಇನ್ನೂ ಒಂದು ಹೆಜ್ಜೆ ಒಳಗೆ ಊರಿದಳು.

"ಸಾಕಜ್ಜೀ!" ಮೇಸ್ತ್ರಿ ಕೈ ಅಡ್ಡ ಹಿಡಿದ. "ಇನ್ನೂ ಒಳಗೆ ಹೋದ್ರೆ ಸಂಸಾರನೇ ಬೀದಿಗೆ ಬರುತ್ತೆ!"

ಮನೆ ಎದ್ದಿತು. ಕಿಟಕಿಯ ಬಳಿ ಮಂಚ ಓರೆಯಾಗಿಯೇ ಕೂತಿತು. ಒಂದು ಮಧ್ಯಾಹ್ನ ಕ್ಷೌರದವನ ಮಗಳು ಹಸುಗೂಸಿನೊಂದಿಗೆ ಆಟೋದಲ್ಲಿ ಬಂದಳು. ಆಟೋ ತಿರುವಿನಲ್ಲಿ ನಿಲ್ಲಲಿಲ್ಲ. ಸರಾಗವಾಗಿ ಹೊರಳಿ ಅವಳ ಅಪ್ಪನ ಬಾಗಿಲಿಗೇ ಹೋಯಿತು.

ಅತ್ತೆ ಮಲಗಿದಲ್ಲಿಂದಲೇ ಕೈಮುಗಿದಳು.

"ನೋಡೇ, ಮಂಚ ನೆಟ್ಟಗಿದ್ದಿದ್ರೆ ನಂಗೆ ಬರೀ ಗೋಡೆ ಕಾಣ್ತಿತ್ತು."